ಅಲಬಾಮದ ಕೌದಿ ಸಂಘ

ಸವೆದ ಸೀರೆ, ಹಳೆಯ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವುಗಳನ್ನು ನಮ್ಮ ಹೆಂಗಸರು ಸುಮ್ಮನೆ ಎಸೆಯುವವರಲ್ಲ. ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲಾಗಿ ದಾರ ಓಡಿಸಿ, ಹಾಸುವುದಕ್ಕೂ ಹೊದೆಯುವುದಕ್ಕೂ ಆಗುವ ಒಂದು ಹೊದಿಕೆಯನ್ನು ಮಾಡಿಕೊಳ್ಳುತ್ತಾರೆ. ಧಾರವಾಡ, ವಿಜಯಪುರಗಳ ಕಡೆ ಇದಕ್ಕೆ ಕೌದಿ ಎಂದು ಹೆಸರು. ಮೈಸೂರಿನ ಕಡೆ ಬೊಂತೆ ಎಂದರೆ ತಿಳಿಯುತ್ತದೆ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಗೊಂದಲಿಗರ ಹೆಂಗಸರನ್ನು ಉತ್ತರ ಕರ್ನಾಟಕದ ವಾಚಕರು ಕಂಡಿರಲೇಬೇಕು. ಇಂಥ ಚಿಂದಿಯ ವಸ್ತುವಿಗೂ ಒಂದು ಚರಿತ್ರೆಯುಂಟೆ ಎಂದು ನೀವು ಕೇಳಬಹುದು. ಉಂಟು. ಚಿಂದಿಯನ್ನು ಕೂಡಿಸುವ ಹೆಂಗಸರು ತಾವೂ ಕೂಡಿ ನಿಂತ ಕಥೆಯೊಂದನ್ನು ನಿಮ್ಮ ಮುಂದಿಡುತ್ತೇನೆ. ಅದು ನಡೆದದ್ದು ನಮ್ಮಲ್ಲಲ್ಲ, ಅಮೆರಿಕದ ದಕ್ಷಿಣ ಭಾಗದ ಅಲಬಾಮ ಸಂಸ್ಥಾನದಲ್ಲಿ.

ಅಲಬಾಮ ನದಿ ವಿಲ್ಕಾಕ್ಸ್ ಎಂಬ ಜಿಲ್ಲೆಯಲ್ಲಿ ಒಂದೆಡೆ ಹಾವಿನಂತೆ ಸುತ್ತಿಕೊಂಡು ಹರಿಯುತ್ತದೆ. ಆ ತಿರುವಿನೊಳಗೆ ಸಿಕ್ಕಿಕೊಂಡ ನೆಲಕ್ಕೆ ಜೀಸ್ ಬೆಂಡ್, ಎಂದರೆ ‘ಜೀಯ ತಿರುವು’ ಎಂದು ಹೆಸರು. ಮೂರು ಕಡೆ ನೀರು, ಒಂದು ಕಡೆ ಮಾತ್ರ ದಾರಿ. 1949ರಲ್ಲಿ ಸರಕಾರ ಆ ಊರಿಗೆ ಬಾಯ್ಕಿನ್ ಎಂದು ಬೇರೆ ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯದೇ ಉಳಿದುಕೊಂಡಿತು. ಜೀ ಎಂಬಾತ 1816ರಲ್ಲಿ ಗುಲಾಮರನ್ನು ಕರೆತಂದು ಇಲ್ಲಿ ಹತ್ತಿಯ ತೋಟ ಹಾಕಿದ ಬಿಳಿಯ ಜಮೀನುದಾರ. 1845ರಲ್ಲಿ ಸಾಲದ ಲೆಕ್ಕಕ್ಕಾಗಿ ಈ ತೋಟ ಮಾರ್ಕ್ ಪೆಟ್‌ವೇ ಎಂಬ ಬಂಧುವಿನ ಕೈಸೇರಿತು. ಆತ ಉತ್ತರ ಕೆರೊಲೈನಾದಿಂದ ಸುಮಾರು 100 ಮಂದಿ ಗುಲಾಮರನ್ನು ಕಾಲ್ನಡಿಗೆಯಲ್ಲಿಯೇ ಇಲ್ಲಿಗೆ ನಡೆಸಿಕೊಂಡು ಬಂದ. ಅಮೆರಿಕದ ಭೂಪಟವನ್ನು ತೆರೆದು ಈ ಎರಡು ಸಂಸ್ಥಾನಗಳ ನಡುವಿನ ದೂರವನ್ನು ಒಮ್ಮೆ ಕಣ್ಣಳತೆಯಿಂದ ನೋಡಿ. ನಡೆದವರ ಪಾಡು ತಾನಾಗಿ ತಿಳಿಯುತ್ತದೆ. ಗುಲಾಮಗಿರಿ ಕಾನೂನಿನಲ್ಲಿ ಅಳಿದ ಮೇಲೂ ಆ ಜನ ಅಲ್ಲಿಯೇ ಉಳಿದರು. ಒಡೆಯನ ಹೆಸರೇ ಅವರ ಮನೆತನದ ಹೆಸರಾಯಿತು. ಇಂದಿಗೂ ಆ ಊರಿನಲ್ಲಿ ಯಾರ ಹೆಸರನ್ನು ಕೇಳಿದರೂ ಕೊನೆಗೆ ಪೆಟ್‌ವೇ ಎಂದು ಬರುವುದೇ ಹೆಚ್ಚು.

ಬಿಡುಗಡೆಯೇನೋ ಆಯಿತು, ನೆಲ ಮಾತ್ರ ಅವರದಾಗಲಿಲ್ಲ. ಕೋರಿಗೆ ಗೇಯುವುದು, ಬಿತ್ತನೆಯ ಕಾಲಕ್ಕೆ ಸಾಹುಕಾರನ ಹತ್ತಿರ ಕಡ ತರುವುದು, ಹತ್ತಿ ಬಂದಾಗ ತೀರಿಸುವುದು, ತೀರದಿದ್ದರೆ ಮುಂದಿನ ವರ್ಷದ ಲೆಕ್ಕಕ್ಕೆ ಏರಿಸುವುದು. ಈ ಚಕ್ರವನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. 1930ರ ಸುಮಾರಿಗೆ ಹತ್ತಿಯ ಬೆಲೆ ಪಾತಾಳಕ್ಕಿಳಿಯಿತು. ಕಡ ಕೊಡುತ್ತಿದ್ದ ವರ್ತಕ ಸತ್ತ. 1932ರಲ್ಲಿ ಅವನ ಮನೆಯವರು ವಸೂಲಿಗೆ ಆಳುಗಳನ್ನು ಕಳುಹಿಸಿದರು. ಬಂದವರು ನೇಗಿಲು, ಹೇಸರಗತ್ತೆ, ಹಸು, ಕೋಳಿ, ಕಣಜದ ಜೋಳ ಏನನ್ನೂ ಬಿಡದೆ ಹೊತ್ತುಕೊಂಡು ಹೋದರು. ಸುಮಾರು 60 ಸಂಸಾರಗಳು ಬರಿಗೈಯಾದವು. ಆ ಚಳಿಗಾಲವನ್ನು ಜನ ರೆಡ್ ಕ್ರಾಸಿನವರು ಕಳುಹಿಸಿದ ಹಿಟ್ಟಿನಿಂದ ಕಳೆದರು.

ಈ ದುರವಸ್ಥೆ ಅಮೆರಿಕದ ಕೇಂದ್ರ ಸರಕಾರದ ಕಣ್ಣಿಗೆ ಬಿತ್ತು. ಆಗ ಅಧ್ಯಕ್ಷ ರೂಸ್ವೆಲ್ಟರ ಹೊಸ ಯೋಜನೆಗಳ ಕಾಲ. 1937ರಲ್ಲಿ ಆರ್ಥರ್ ರಾಥ್‌ಸ್ಟೈನ್ ಎಂಬ ಸರಕಾರಿ ಛಾಯಾಗ್ರಾಹಕ ಊರಿನ ಚಿತ್ರಗಳನ್ನು ತೆಗೆದ. ಮರದ ದಿಮ್ಮಿಗಳ ಗುಡಿಸಲು, ಚಳಿ ನುಗ್ಗದಂತೆ ಗೋಡೆಗೆ ಅಂಟಿಸಿದ ವೃತ್ತಪತ್ರಿಕೆ, ಕೌದಿ ಹೊಲಿಯುತ್ತ ಕುಳಿತ ಹೆಂಗಸರು ಅವುಗಳಲ್ಲಿ ಕಾಣುತ್ತಾರೆ. ಸರಕಾರ ಸುಮಾರು 10,000 ಎಕರೆ ನೆಲವನ್ನು ಕೊಂಡು, ಮನೆ ಕಟ್ಟಿಸಿ, ಕಡಮೆ ಬಡ್ಡಿಯ ಸಾಲದ ಮೇಲೆ 1940ರ ದಶಕದಲ್ಲಿ ಅದನ್ನು ಉಳುವವರಿಗೇ ಮಾರಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದುದಕ್ಕೆಲ್ಲ ಬುಡದಲ್ಲಿದ್ದದ್ದು ಈ ಭೂಮಿಯ ಒಡೆತನ. ಕಾಲೂರಲು ಸ್ವಂತದ ನೆಲವಿದ್ದವನನ್ನು ಊರು ಬಿಡಿಸುವುದು ಸುಲಭವಲ್ಲ.

ಇನ್ನು ಕೌದಿಯ ಮಾತು. ಅವರ ಕೌದಿ ನಮ್ಮದಕ್ಕಿಂತ ಸ್ವಲ್ಪ ಬೇರೆ. ಅದಕ್ಕೆ ಮೂರು ಪದರ: ಮೇಲೆ ತುಂಡುಗಳನ್ನು ಜೋಡಿಸಿದ ಮುಖ, ನಡುವೆ ಅರಳೆ, ಕೆಳಗೆ ಅಸ್ತರಿ. ಅರಳೆಯೆಂದರೆ ಕೊಂಡದ್ದಲ್ಲ, ಹತ್ತಿಯ ಜಿನ್ನಿನಲ್ಲಿ ನೆಲಕ್ಕೆ ಬಿದ್ದದ್ದನ್ನು ಗುಡಿಸಿ ತಂದು, ಕೋಲಿನಿಂದ ಬಡಿದು ಹಗುರ ಮಾಡಿದ್ದು. ಅಸ್ತರಿಗೆ ಹಿಟ್ಟಿನ ಚೀಲ, ಗೊಬ್ಬರದ ಚೀಲ. ಮುಖಕ್ಕೆ ಗಂಡಸರ ಹೊಲದ ಷರಾಯಿ, ಹೆಂಗಸರ ಹಳೆಯ ಲಂಗ, ಹರಿದ ಅಂಗಿಯಲ್ಲಿ ಗಟ್ಟಿಯಾಗಿ ಉಳಿದ ಬೆನ್ನು. ಮೊಣಕಾಲು ಊರಿ ಊರಿ ಬಣ್ಣ ಹೋದ ನೀಲಿ ಷರಾಯಿಯಲ್ಲಿ ಜೇಬಿದ್ದ ಜಾಗ ಮಾತ್ರ ಗಾಢವಾಗಿ ಉಳಿದಿರುತ್ತದೆ. ಆ ಗುರುತನ್ನೂ ಅವರು ಮರೆಮಾಡುತ್ತಿರಲಿಲ್ಲ, ವಿನ್ಯಾಸದೊಳಗೆ ಸೇರಿಸಿಕೊಳ್ಳುತ್ತಿದ್ದರು.

ತುಂಡು ಜೋಡಿಸುವುದು ಒಬ್ಬೊಬ್ಬಳ ಸ್ವಂತ ಕೆಲಸ. ಅದರಲ್ಲಿ ಇನ್ನೊಬ್ಬಳು ಕೈಹಾಕುವಂತಿಲ್ಲ. ಜೋಡಿಸಿ ಮುಗಿದ ಮೇಲೆ ಮೂರು ಪದರವನ್ನೂ ಮರದ ಚೌಕಟ್ಟಿಗೆ ಬಿಗಿದು ಹೊಲಿಯುವಾಗ ಮಾತ್ರ ನೆರೆಯವರೆಲ್ಲ ಬಂದು ಸುತ್ತ ಕುಳಿತು, ಹಾಡುತ್ತ, ದೇವರನ್ನು ನೆನೆಯುತ್ತ ಸೂಜಿ ಓಡಿಸುವರು. ಇವತ್ತು ನನ್ನ ಮನೆಯದು, ನಾಳೆ ನಿನ್ನ ಮನೆಯದು. ನಮ್ಮಲ್ಲಿ ನಾಟಿಗೂ ಕುಯ್ಲಿಗೂ ಮುಯ್ಯಾಳು ಹೋಗುವುದಿಲ್ಲವೆ, ಅದೇ ಕ್ರಮ. ವಿನ್ಯಾಸಗಳಿಗೆ ಹೆಸರುಗಳುಂಟು. ನಡುವಿನ ಒಂದು ಚೌಕದ ಸುತ್ತ ಪಟ್ಟಿಯ ಮೇಲೆ ಪಟ್ಟಿ ಸುತ್ತಿ ಬೆಳೆಸಿದರೆ ‘ಮನೆಯ ಮಾಡು’. ಉದ್ದ ಪಟ್ಟಿಗಳನ್ನು ಸುಮ್ಮನೆ ಪಕ್ಕಪಕ್ಕಕ್ಕೆ ನಿಲ್ಲಿಸಿದರೆ ‘ಸೋಮಾರಿ ಹುಡುಗಿ’. ಹೆಸರು ಒಂದೇ ಆದರೂ ಒಬ್ಬಳದು ಇನ್ನೊಬ್ಬಳ ಹಾಗಿರುತ್ತಿರಲಿಲ್ಲ. ಬಟ್ಟೆ ಮುಗಿದಲ್ಲಿ ಬಣ್ಣ ಬದಲಾಗಬೇಕು, ಕತ್ತರಿ ಓರೆಯಾದಲ್ಲಿ ಗೆರೆ ಓರೆಯಾಗಬೇಕು. ಆ ಓರೆಯನ್ನು ತಿದ್ದದೆ ಮುಂದಿನ ಪಟ್ಟಿಯಿಂದ ಅದಕ್ಕೆ ಜವಾಬು ಕೊಡುವುದೇ ಅವರ ಜಾಣತನ.

1942ರಲ್ಲಿ ಮಿಸೂರಿ ಪೆಟ್‌ವೇ ಎಂಬಾಕೆ ಗಂಡನನ್ನು ಕಳೆದುಕೊಂಡಳು. ಆತ ಹೊಲದಲ್ಲಿ ತೊಡುತ್ತಿದ್ದ ಬಟ್ಟೆಗಳನ್ನೆಲ್ಲ ಹರಿದು, ಮಗಳನ್ನು ಜೊತೆಗೆ ಕೂರಿಸಿಕೊಂಡು, ಒಂದು ಕೌದಿ ಹೊಲಿದಳು. ಅವನ ನೆನಪನ್ನು ಹೊದ್ದು ಮಲಗಬೇಕೆಂಬುದೇ ಅವಳ ಆಸೆ. ಮಣ್ಣು, ಬೆವರುಗಳ ಕಲೆಗಳಿಂದ ಕೂಡಿದ ಆ ಕೌದಿ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯ ಸಂಗ್ರಹದಲ್ಲಿದೆ. ಹೊಲಿದಾಗ ಅದನ್ನು ಯಾರೂ ಕಲೆಯೆಂದು ಕರೆದಿರಲಿಲ್ಲ.

1960ರ ಹೊತ್ತಿಗೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನರ ಹಕ್ಕಿನ ಹೋರಾಟ ಕಾವೇರಿತು. ವಿಲ್ಕಾಕ್ಸ್ ಜಿಲ್ಲೆಯಲ್ಲಿ ನಾಲ್ವರಲ್ಲಿ ಮೂವರು ಕರಿಯರು. ಆದರೂ 1965ರ ಆರಂಭದವರೆಗೆ ಮತದಾರರ ಪಟ್ಟಿಯಲ್ಲಿ ಅವರ ಪೈಕಿ ಒಬ್ಬರ ಹೆಸರೂ ಇರಲಿಲ್ಲ. ಹೆಸರು ಬರೆಸಬೇಕಾದರೆ ಹೊಳೆಯಾಚೆಯ ಜಿಲ್ಲಾ ಕೇಂದ್ರ ಕ್ಯಾಮ್ಡೆನ್ನಿಗೆ ಹೋಗಬೇಕು. ಜೀಸ್ ಬೆಂಡಿನವರು ಹೋಗಲು ಹೊರಟರು. 1962ರಲ್ಲಿ ಕಡವಿನ ದೋಣಿ ನಿಂತುಹೋಯಿತು. ಕಣ್ಣಿಗೆ ಕಾಣುವಷ್ಟು ಹತ್ತಿರದ ಊರಿಗೆ ಕೆಟ್ಟ ರಸ್ತೆಯಲ್ಲಿ ಸುತ್ತಿಕೊಂಡು ತಾಸುಗಟ್ಟಲೆ ಹೋಗಬೇಕಾಯಿತು. ಮತಕ್ಕೆ ತಡೆಹಾಕಲು ಕಾನೂನೇ ಬೇಕೆಂದಿಲ್ಲ, ಒಂದು ದೋಣಿಯನ್ನು ದಡಕ್ಕೆ ಕಟ್ಟಿಹಾಕಿದರೂ ಸಾಕು! 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಈ ಊರಿನ ಚರ್ಚಿಗೆ ಬಂದು ಭಾಷಣ ಮಾಡಿದರು. ಮತದ ಹಕ್ಕಿನ ಕಾಯಿದೆ ಅದೇ ವರ್ಷ ಆಗಸ್ಟಿನಲ್ಲಿ ಬಂತು. ಜೀಸ್ ಬೆಂಡಿನವರಿಗೆ ಸ್ವಂತ ನೆಲವಿತ್ತು, ಧೈರ್ಯ ಮಾಡಿದರು. ಸುತ್ತಲ ಹಳ್ಳಿಗಳಲ್ಲಿ ಇನ್ನೂ ಬಿಳಿಯರ ಜಮೀನಿನಲ್ಲಿದ್ದವರ ಪಾಡು ಬೇರೆ. ಹೆಸರು ಬರೆಸಿದ್ದೇ ತಪ್ಪಾಗಿ ಎಷ್ಟೋ ಸಂಸಾರಗಳನ್ನು ಒಕ್ಕಲೆಬ್ಬಿಸಿದರು. ಕೆಲಸ ಹೋಯಿತು, ಕಡ ಹುಟ್ಟದಾಯಿತು.

ಇಂಥ ಸಮಯದಲ್ಲಿ, 1965ರ ಡಿಸೆಂಬರಿನಲ್ಲಿ, ಫ್ರಾನ್ಸಿಸ್ ವಾಲ್ಟರ್ ಎಂಬ ಬಿಳಿಯ ಪಾದ್ರಿ ಹೀಗೆ ನೊಂದವರ ವಿವರಗಳನ್ನು ಬರೆದುಕೊಳ್ಳುತ್ತ ಜಿಲ್ಲೆಯಲ್ಲಿ ಸುತ್ತುತ್ತಿದ್ದರು. ಒಂದು ಮನೆಯ ಮುಂದೆ ಹಗ್ಗದ ಮೇಲೆ ಒಣಹಾಕಿದ ಕೌದಿಗಳು ಅವರ ಕಣ್ಣು ಸೆಳೆದವು. ಅಪರಿಚಿತ ಬಿಳಿಯನೊಬ್ಬ ಬಾಗಿಲಿಗೆ ಬಂದುದನ್ನು ಕಂಡು ಮನೆಯಾಕೆ ಹೆದರಿ ಕಾಡಿಗೆ ಓಡಿದಳು. ಆ ಕಾಲವನ್ನು ಅಳೆಯಲು ಈ ಒಂದು ಸಂಗತಿ ಸಾಕು. ವಾಲ್ಟರರು ಮತ್ತೆ ಬಂದರು, ಸ್ಥಳೀಯ ಹೆಂಗಸರನ್ನು ಜೊತೆಗಿಟ್ಟುಕೊಂಡು ಮನೆಮನೆಗೆ ಹೋದರು, ಒಂದೊಂದಕ್ಕೆ 10 ಡಾಲರ್ ಕೊಟ್ಟು ಕೌದಿಗಳನ್ನು ಕೊಂಡರು. ಅದಕ್ಕೆ ಮುಂಚೆ ಅವಕ್ಕೆ 5 ಡಾಲರ್ ಸಿಕ್ಕಿದರೆ ಹೆಚ್ಚು. 1966ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಹರಾಜು ಹಾಕಿದಾಗ ಕೊಟ್ಟದ್ದಕ್ಕಿಂತ ಸಾಕಷ್ಟು ಹೆಚ್ಚು ಹಣ ಬಂತು.

ಹರಾಜಿನ ಹಣವನ್ನು ಹಂಚಿ ಸುಮ್ಮನಾಗಿದ್ದರೆ ಅದೊಂದು ದಾನಧರ್ಮದ ಕಥೆಯಾಗುತ್ತಿತ್ತು, ನಾನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ಅದೇ ತಿಂಗಳು ಅರುವತ್ತಕ್ಕೂ ಹೆಚ್ಚು ಮಂದಿ ಹೆಂಗಸರು ಕ್ಯಾಮ್ಡೆನ್ನಿನ ಒಂದು ಚರ್ಚಿನಲ್ಲಿ ಸೇರಿ, ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂದು ಅದಕ್ಕೆ ಹೆಸರು. ‘ಬೀ’ ಎಂದರೆ ಇಂಗ್ಲಿಷಿನಲ್ಲಿ ಜೇನುಹುಳು ಎಂಬ ಅರ್ಥವುಂಟಷ್ಟೆ. ನೆರೆಹೊರೆಯವರು ಕೂಡಿ ಮಾಡುವ ಕೆಲಸಕ್ಕೂ ಅಮೆರಿಕದ ಹಳ್ಳಿಗಳಲ್ಲಿ ಅದೇ ಮಾತು. ನಮ್ಮ ಭಾಷೆಯಲ್ಲಿ ‘ಸ್ವಾತಂತ್ರ್ಯದ ಕೌದಿಮುಯ್ಯಿ’ ಎಂದರೆ ಹತ್ತಿರ ಬಂದೀತು. ಹೆಸರಿನಲ್ಲಿ ಸ್ವಾತಂತ್ರ್ಯವೆಂಬುದು ಅಲಂಕಾರಕ್ಕೆ ಬಂದದ್ದಲ್ಲ. ಸದಸ್ಯೆಯರಲ್ಲಿ ಹಲವರು ಹೋರಾಟದ ಮೆರವಣಿಗೆಗಳಲ್ಲಿ ನಡೆದವರು.

ಸಂಘವನ್ನು ಸುಮಾರು ಎರಡು ದಶಕಗಳ ಕಾಲ ನಡೆಸಿದಾಕೆ ಎಸ್ಟೆಲ್ ವಿದರ್‌ಸ್ಪೂನ್. ಲೆಕ್ಕ, ಪತ್ರವ್ಯವಹಾರ, ಸದಸ್ಯೆಯರ ಜಗಳ, ಗಿರಾಕಿಗಳ ತಗಾದೆ ಎಲ್ಲವೂ ಆಕೆಯ ಮೇಜಿಗೇ ಬರಬೇಕು. ನ್ಯೂಯಾರ್ಕಿನ ಶ್ರೀಮಂತರ ಮನೆಗಳನ್ನು ಸಿಂಗರಿಸುತ್ತಿದ್ದವರು ಬಟ್ಟೆ ಕಳುಹಿಸಿ ಕೌದಿ ಹೊಲಿಸಿದರು. ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಯಲ್ಲಿ ಚಿತ್ರಗಳು ಬಂದವು. ಬ್ಲೂಮಿಂಗ್‌ಡೇಲ್ಸ್ ಎಂಬ ದೊಡ್ಡ ಅಂಗಡಿ ಮಾಲು ತರಿಸಿಕೊಂಡಿತು. 1967ರಲ್ಲಿ ದಕ್ಷಿಣದ ಸಹಕಾರ ಸಂಘಗಳೆಲ್ಲ ಸೇರಿ ಒಂದು ಮಹಾಮಂಡಲವನ್ನು ಕಟ್ಟಿದಾಗ ಕೌದಿಯವರೂ ಅದರ ಸ್ಥಾಪಕರಲ್ಲಿ ಸೇರಿದ್ದರು.

ಆದರೆ ನನಗೆ ಈ ಸಂಘದ ಚರಿತ್ರೆಯಲ್ಲಿ ಅತ್ಯಂತ ಹಿರಿದಾಗಿ ಕಾಣುವುದು ಈ ಹೆಸರುವಾಸಿ ಅಂಗಡಿಗಳಲ್ಲ. ಕೈಗೆ ನಾಲ್ಕು ಕಾಸು ಬಂದೊಡನೆ ಸಂಘ 23 ಎಕರೆ ನೆಲವನ್ನು ಕೊಂಡಿತು. ಅದರಲ್ಲಿ 1969ರಲ್ಲಿ ಹೊಲಿಗೆಯ ಕಟ್ಟಡವೆದ್ದಿತು. ಅದಕ್ಕೆ ಹಿಂದಿನ ವರ್ಷ ಕೊಲೆಯಾದ ಕಿಂಗರ ಹೆಸರಿಟ್ಟರು. ಉಳಿದ ನೆಲದಲ್ಲಿ ಎಂಟು ನಿವೇಶನಗಳನ್ನು ಬೇರ್ಪಡಿಸಿ, ಮತಕ್ಕೆ ಹೆಸರು ಬರೆಸಿದ್ದಕ್ಕಾಗಿ ಮನೆ ಕಳೆದುಕೊಂಡಿದ್ದ ಸಂಸಾರಗಳಿಗೆ ಮಾರಿದರು. ಚಿಂದಿ ಹೊಲಿದ ಹಣದಿಂದ ನೆಲ, ಆ ನೆಲದ ಮೇಲೆ ಒಕ್ಕಲೆಬ್ಬಿಸಲಾಗದ ಮನೆ! ಕೂಸುಗಳನ್ನು ನೋಡಿಕೊಳ್ಳುವ ಶಿಶುವಿಹಾರವೂ ಬಂತು. ತಾಯಂದಿರು ಸೂಜಿ ಹಿಡಿಯಬೇಕಾದರೆ ಮಡಿಲು ಖಾಲಿಯಿರಬೇಕಷ್ಟೆ. ಒಂದು ಹಂತದಲ್ಲಿ ಸದಸ್ಯೆಯರ ಸಂಖ್ಯೆ ಸುಮಾರು 150ಕ್ಕೆ ಏರಿತ್ತು. ಹತ್ತಿಯ ಹೊಲವನ್ನು ಬಿಟ್ಟರೆ ಬೇರೆ ಸಂಪಾದನೆಯನ್ನೇ ಕಾಣದ ಹೆಂಗಸರು ಅವರಲ್ಲಿ ಬಹುಮಂದಿ.

ಇಷ್ಟಾದರೂ ಒಂದು ತೊಡಕು ಮೊದಲಿನಿಂದಲೇ ಇತ್ತು. ಅಂಗಡಿಗೆ ಬೇಕಾದದ್ದು ಅಳತೆಗೆ ಸರಿಯಾದ, ಒಂದರಂತೆ ಇನ್ನೊಂದು ಇರುವ ಮಾಲು. ನೂರು ಕೌದಿ ತರಿಸಿದರೆ ನೂರೂ ಚಿತ್ರಪಟ್ಟಿಯಲ್ಲಿ ತೋರಿಸಿದಂತೆಯೇ ಇರಬೇಕು. ಹೊಲಿಗೆ ಸಣ್ಣಗಿರಬೇಕು, ಮೂಲೆಗೆ ಮೂಲೆ ಕೂಡಬೇಕು, ಬಣ್ಣ ಹೇಳಿದ್ದೇ ಆಗಬೇಕು. ‘ಕರಡಿಯ ಪಾದ’ದಂಥ ಗೊತ್ತಾದ ನಾಲ್ಕಾರು ವಿನ್ಯಾಸಗಳಿಗೆ ಸಂಘ ಕಟ್ಟುಬಿತ್ತು. ಓರೆಗೆ ಓರೆಯಿಂದ ಜವಾಬು ಕೊಡುವ ಕೈಗಳಿಗೆ ಇದು ಒಗ್ಗುವುದೆ? ಕೆಲವರು ಕಲಿತರು, ಕೆಲವರು ಬೇಸತ್ತು ಮನೆಯಲ್ಲೇ ಉಳಿದರು. 1972ರಲ್ಲಿ ಸಿಯರ್ಸ್ ಕಂಪನಿ ದಿಂಬಿನ ಗವಸುಗಳನ್ನು ಹೊಲಿಯುವ ದೊಡ್ಡ ಗುತ್ತಿಗೆ ಕೊಟ್ಟಿತು. ಬಟ್ಟೆ ಕಾರ್ಡುರಾಯ್ ಎಂಬ ಗೀರುಗೀರಾದ ದಪ್ಪ ಜಾತಿಯದು. ಅದು ಶುದ್ಧ ಕಾರ್ಖಾನೆಯ ಕೆಲಸ, ಕೌದಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ನೋಡಿ, ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳನ್ನು ಹೆಂಗಸರು ಮನೆಗೆ ಒಯ್ದರು. ಹಸುರು, ಹೊಂಬಣ್ಣ, ಕಿತ್ತಳೆ, ಕೆಂಪು. ಅಷ್ಟು ದಪ್ಪನೆಯ ಬಟ್ಟೆಯನ್ನು ಸಣ್ಣಗೆ ಕತ್ತರಿಸಿ ಜೋಡಿಸಲು ಬರುವುದಿಲ್ಲ. ಅಗಲ ಪಟ್ಟಿಗಳಾಗಿಯೇ ಹಾಕಬೇಕು. ಹಾಗೆ ಹಾಕಿ ರಾತ್ರಿಯ ಬಿಡುವಿನಲ್ಲಿ ತಮ್ಮ ಮಕ್ಕಳಿಗೆಂದು ಹೊಲಿದ ಕೌದಿಗಳಲ್ಲಿ ಕೆಲವು ಇಂದು ದೊಡ್ಡ ಮ್ಯೂಸಿಯಮ್ಮುಗಳ ಗೋಡೆಯ ಮೇಲಿವೆ.

ಇದನ್ನು ಹಿಡಿದು ಕೆಲವು ಕಲಾವಿಮರ್ಶಕರು, ಸಂಘ ಕಲೆಯನ್ನು ಕೆಡಿಸಿತು, ಮನೆಯೊಳಗಿನ ಸ್ವಚ್ಛಂದ ಕೈ ಅದನ್ನು ಉಳಿಸಿತು ಎನ್ನುತ್ತಾರೆ. ಅರ್ಧ ಸತ್ಯವೇನೋ ಹೌದು. ಆದರೆ ದಿಂಬಿನ ಗವಸಿನ ಕೂಲಿ ಮನೆಗೆ ಬಾರದಿದ್ದರೆ ಆ ಸ್ವಚ್ಛಂದ ಕೈ ಎಲ್ಲಿರುತ್ತಿತ್ತು? ಒಲೆಗೆ ಸೌದೆಯನ್ನೂ ಮಗುವಿಗೆ ಜೋಡನ್ನೂ ಕೊಟ್ಟದ್ದು ಆ ನೀರಸ ಗವಸು. ಅದರ ಚೂರೇ ಕಲೆಗೂ ಬಟ್ಟೆಯಾಯಿತು. ಹಸಿದವರ ಸಂಘವನ್ನು ಚಿತ್ರಶಾಲೆಯ ಅಳತೆಗೋಲಿನಿಂದ ಅಳೆಯುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಕಾಲ ಸರಿದಂತೆ ಅಗ್ಗದ ಯಂತ್ರದ ಹೊದಿಕೆಗಳು ಬಂದವು, ಗಿರಾಕಿಗಳು ಕಡಮೆಯಾದರು, ಹಳಬರು ತೀರಿಕೊಂಡರು. ವಿದರ್‌ಸ್ಪೂನ್ 1998ರಲ್ಲಿ ಮಡಿದರು. ಅಷ್ಟರಲ್ಲಿಯೇ ಅಟ್ಲಾಂಟದ ಕಲಾಸಂಗ್ರಾಹಕ ವಿಲಿಯಂ ಆರ್ನೆಟ್ ಒಂದು ಪುಸ್ತಕದಲ್ಲಿ ಸೌದೆಯ ರಾಶಿಯ ಮೇಲೆ ಹರಡಿದ್ದ ಕೌದಿಯೊಂದರ ಚಿತ್ರವನ್ನು ಕಂಡು, ಹುಡುಕಿಕೊಂಡು ಜೀಸ್ ಬೆಂಡಿಗೆ ಬಂದಿದ್ದರು. ಹಾಸಿಗೆಯ ಕೆಳಗೆ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಹಳೆಯ ಕೌದಿಗಳನ್ನು ಅವರು ನೂರುಗಟ್ಟಲೆ ಕೊಂಡರು. 2002ರಲ್ಲಿ ಹ್ಯೂಸ್ಟನ್ ನಗರದ ಲಲಿತಕಲಾ ಮ್ಯೂಸಿಯಂ, ಬಳಿಕ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವುಗಳನ್ನು ತೂಗುಹಾಕಿದುವು. ಜನ ಸಾಲುಗಟ್ಟಿ ನೋಡಿದರು. ಆಧುನಿಕ ಚಿತ್ರಕಾರರ ಕೃತಿಗಳೊಡನೆ ಹೋಲಿಸಿ ಪತ್ರಿಕೆಗಳು ಹೊಗಳಿದುವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರಡಿಸಿತು. ಎಪ್ಪತ್ತು ಎಂಬತ್ತು ದಾಟಿದ ಹೆಂಗಸರು ಮೊಟ್ಟಮೊದಲ ಬಾರಿಗೆ ತಮ್ಮ ಕೌದಿಗಳನ್ನು ಗೋಡೆಯ ಮೇಲೆ ನೋಡಿದರು.

ಕೀರ್ತಿ ಬಂದಲ್ಲಿ ಲೆಕ್ಕದ ಪ್ರಶ್ನೆಯೂ ಬರುತ್ತದೆ. ಕೌದಿಯ ವಿನ್ಯಾಸಗಳು ಜಮಖಾನೆಯ ಮೇಲೂ ಪುಸ್ತಕಗಳಲ್ಲೂ ಅಚ್ಚಾದುವು. ಅದರ ಹಣದಲ್ಲಿ ಹೊಲಿದವರ ಪಾಲೆಷ್ಟು? 2007ರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು, ಮರುವರ್ಷ ರಾಜಿಯಾಯಿತು. 2003ರಲ್ಲಿಯೇ ಊರಿನ ಹೆಂಗಸರು ತಮ್ಮ ಕೌದಿಯನ್ನು ತಾವೇ ಮಾರಲು ಮತ್ತೊಂದು ಒಕ್ಕೂಟ ಕಟ್ಟಿಕೊಂಡಿದ್ದರು. ಅಲ್ಲಿ ಯಾರ ಕೌದಿಗೆ ಯಾರ ಹೆಸರೋ ಅವರ ಹೆಸರೇ. ಹಳೆಯ ಸಂಘದಲ್ಲಿ ಮಾಲು ಸಂಘದ ಹೆಸರಿನಲ್ಲಿ ಹೋಗುತ್ತಿತ್ತು, ಕೈಯಾವುದೆಂದು ಕೊಂಡವರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ತಲೆಮಾರಿನ ಅಂತರದಲ್ಲಿ ಆದ ಈ ಬದಲಾವಣೆ ಸಣ್ಣದಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿರುವ ಸಿದ್ದಿ ಜನರೂ ಆಫ್ರಿಕದ ಮೂಲದವರು. ಗೋವೆಯ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಆ ಹೆಂಗಸರು ಹೊಲಿಯುವ ಕೌದಿಗೆ ಅವರಲ್ಲಿ ಕವಂದಿ ಎನ್ನುತ್ತಾರೆ. ಅದರ ಕ್ರಮ ಬೇರೆ: ಅಂಚಿನಿಂದ ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಫುಲ’ ಹೊಲಿಯಬೇಕು. ಅದಿಲ್ಲದ ಕವಂದಿ ಮುಗಿದಂತಲ್ಲ. 2004ರಲ್ಲಿ ಅಮೆರಿಕದ ಕಲಾವಿದ್ವಾಂಸರೊಬ್ಬರ ನೆರವಿನಿಂದ ಇವರೂ ಒಂದು ಸಹಕಾರ ಸಂಘ ಮಾಡಿಕೊಂಡರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರ ಕೌದಿಗಳ ಪ್ರದರ್ಶನವಾಯಿತು. ಅಲಬಾಮದ ಕೌದಿಯನ್ನೂ ಹಳಿಯಾಳದ ಕವಂದಿಯನ್ನೂ ಪಕ್ಕದಲ್ಲಿಟ್ಟರೆ ಬಣ್ಣದ ದಿಟ್ಟತನದಲ್ಲಿ ಅಕ್ಕತಂಗಿಯರಂತೆ ಕಾಣುವುದು ನಿಜ. ಹಾಗೆಂದು ಇದೆಲ್ಲ ಆಫ್ರಿಕದಿಂದ ಹೊತ್ತು ತಂದ ಒಂದೇ ಗಂಟು ಎನ್ನುವುದು ಅವಸರದ ಮಾತು. ಅಮೆರಿಕಕ್ಕೆ ಹೋದವರು ಬಹುಪಾಲು ಆಫ್ರಿಕದ ಪಶ್ಚಿಮದವರು, ಇಲ್ಲಿಗೆ ಬಂದವರು ಪೂರ್ವದವರು. ಸಿದ್ದಿಯರ ನೆರೆಯಲ್ಲಿ ಕೌದಿ ಹೊಲಿಯುವ ನಮ್ಮವರೂ ಇದ್ದಾರೆ. ಬಡತನ, ಚಳಿ, ಸೂಜಿ ಇವು ಮೂರೂ ಇದ್ದಲ್ಲಿ ಕೌದಿ ತಾನಾಗಿ ಹುಟ್ಟುತ್ತದೆ.

ಜೀಸ್ ಬೆಂಡಿನ ಕಡವಿಗೆ ದೋಣಿ ಮರಳಿ ಬಂದದ್ದು 2006ರಲ್ಲಿ, ನಿಂತ 44 ವರ್ಷಗಳ ಮೇಲೆ. ಮತಕ್ಕಾಗಿ ಹೊಳೆ ದಾಟಲು ಹೊರಟಿದ್ದವರಲ್ಲಿ ಎಷ್ಟೋ ಜನ ಅದನ್ನು ನೋಡಲು ಇರಲಿಲ್ಲ. ಹಳೆಯ ಸಂಘ 2012ರಲ್ಲಿ ಮುಚ್ಚಿತು. ಸದಸ್ಯೆಯರ ಮಕ್ಕಳು ಮೊಮ್ಮಕ್ಕಳು ಸೇರಿ ಅದರ ಹೆಸರನ್ನೂ ಕಟ್ಟಡವನ್ನೂ ಉಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಚಳಿಗಾಲಕ್ಕೆ ಮುಂಚೆ ಪೆಟ್ಟಿಗೆಯಿಂದ ಕೌದಿಗಳನ್ನು ತೆಗೆದು ಬಿಸಿಲಿಗೆ ಹಾಕುವುದು ಆ ಊರಿನ ಹಳೆಯ ವಾಡಿಕೆ. 2022ರಿಂದ ಅದನ್ನೇ ಅಕ್ಟೋಬರಿನ ಹಬ್ಬವಾಗಿ ಮಾಡಿದ್ದಾರೆ. ಆ ದಿನ ಬೇಲಿಗಳ ಮೇಲೆ, ಮನೆಮನೆಯ ಮುಂದಿನ ಹಗ್ಗಗಳ ಮೇಲೆ ಕೌದಿಗಳು ಹಾರಾಡುತ್ತವೆ. ದೂರದೂರುಗಳಿಂದ ಜನ ಬರುತ್ತಾರೆ, ಹೊಲಿದವರ ಕೈಯಿಂದಲೇ ಕೊಂಡು ಒಯ್ಯುತ್ತಾರೆ.